ಹುಲ್ಲು ತಿಂದ ಮಾತ್ರಕ್ಕೆ ಮೊಲದ ಮರಿ ತಾಯಿ ಬಿಟ್ಟು ಬರಬಹುದೇ?

ಏಪ್ರಿಲ್ ಎರಡನೇ ವಾರ. ಬಾಗಲಕೋಟೆ ನವನಗರದಲ್ಲಿರುವ ನಮ್ಮ ಅಕ್ಕನ ಮನೆಗೆ ಎರಡು ಮೊಲದ ಮರಿ ಬಂದವು. ಪರೀಕ್ಷೆ ಮುಗಿದ ಮೇಲೆ ಕೊಡಿಸ್ತೀನಿ ಅಂತ ಭಾವ ಮಗಳಿಗೆ ಮಾತು ಕೊಟ್ಟಿದ್ದರು. ಸಂತೆಯಲ್ಲಿ ಒಂದು ಬುಟ್ಟಿ ತುಂಬ ಮರಿ ಇದ್ದವಂತೆ. ಒಂದೊಂದೂ ಮುಷ್ಟಿಯಷ್ಟು. ಎಷ್ಟು ದಿನದವು ಅಂತ ಭಾವ ಕೇಳಿದ್ದಕ್ಕೆ, "ನೋಡ್ರಿ, ಹುಲ್ಲು ತಿನ್ನಾಕ ಹತ್ತ್ಯಾವ. ಇನ್ನೇನ್ ಬೇಕ್ರಿ?" ಅಂದನಂತೆ ಮಾರುವವನು.

ಅವನು ಸುಳ್ಳು ಹೇಳಿರಲಿಲ್ಲ. ಮನೆಗೆ ಬಂದ ಮೇಲೂ ಮರಿಗಳು ಹುಲ್ಲು ತಿಂದವು. ನಾನೇ ನೋಡಿದೆ. ನಾಲ್ಕನೇ ದಿನ ಒಂದಕ್ಕೆ ನೀರಿನಂತೆ ಭೇದಿ ಶುರುವಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಅದು ಹೋಗಿತ್ತು. ಇನ್ನೊಂದು ಅದೇ ಸಂಜೆ ಹೋಯಿತು. "ನಾ ಗಜ್ಜರಿ ಹಾಕಿದ್ದಕ್ಕ ಸತ್ತವು" ಅಂತ ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಎರಡನೇ ಮರಿಯನ್ನು ದನದ ದವಾಖಾನೆಗೆ ಒಯ್ದಾಗ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇವು ಹಾಲು ಬಿಟ್ಟು ಎಷ್ಟು ದಿನ ಆಗಿತ್ತು?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಅನ್ನುವುದೂ ಗೊತ್ತಿರಲಿಲ್ಲ.

ಈಗ ಶಾಲೆ ರಜೆ. ಬೆಳಗಾವಿಯಿಂದ ವಿಜಯಪುರದವರೆಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಮೊಲ ಬೇಕು ಅಂತ ಹಟ ಹಿಡಿದಿರುತ್ತಾರೆ. ಅದಕ್ಕೇ ಇದನ್ನು ಬುಡದಿಂದ ಹೇಳುತ್ತೇನೆ. ಮರಿ ತಾಯಿಯನ್ನು ಬಿಟ್ಟು ಬೇರೆ ಮನೆಗೆ ಹೋಗಲು ಕಡಿಮೆ ಅಂದರೂ 8 ವಾರ ತುಂಬಿರಬೇಕು. ಸಾಕುಮೊಲಗಳ ಬಗ್ಗೆ ತಿಳಿದವರು ಸಾಮಾನ್ಯವಾಗಿ ಒಪ್ಪುವ ಲೆಕ್ಕ ಇದು. ಯಾಕೆ 8 ವಾರ, ನಾಲ್ಕು ವಾರಕ್ಕೆ ತಿನ್ನಲು ಕಲಿತ ಮರಿಗೆ ಇನ್ನೂ ಏನು ಬಾಕಿ ಇರುತ್ತದೆ ಅನ್ನುವುದೇ ಇಲ್ಲಿಯ ವಿಷಯ.

ಹುಟ್ಟಿದಾಗ ಹೇಗಿರುತ್ತದೆ

ಆಡಿನ ಮರಿ ಹುಟ್ಟಿದ ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಕೋಳಿ ಮರಿ ಮೊಟ್ಟೆ ಒಡೆದು ಬಂದ ದಿನವೇ ಕಾಳು ಕುಟುಕುತ್ತದೆ. ನಮ್ಮ ಊರುಗಳಲ್ಲಿ ಕಣ್ಣಿಗೆ ಬೀಳುವ ಮರಿಗಳೆಲ್ಲ ಬಹುಪಾಲು ಹೀಗೇ. ಮೊಲವನ್ನೂ ಅದೇ ಲೆಕ್ಕದಲ್ಲಿ ನೋಡುತ್ತೇವೆ. ತಪ್ಪುವುದು ಅಲ್ಲೇ.

ಸಾಕುಮೊಲ ಸುಮಾರು 31 ದಿನ ಗರ್ಭ ಹೊತ್ತು ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ, ಕಿವಿ ಕೇಳುವುದಿಲ್ಲ. ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲೂ ಆಗುವುದಿಲ್ಲ. ತಾಯಿ ತನ್ನ ಮೈಯ ತುಪ್ಪಳ ಕಿತ್ತು ಗೂಡಿಗೆ ಹಾಸಿರುತ್ತದಲ್ಲ, ಮರಿಗೆ ಅದೇ ಕೌದಿ. ಕಣ್ಣು ತೆರೆಯುವುದು 10ರಿಂದ 12ನೇ ದಿನಕ್ಕೆ. ಮೂರು ವಾರದ ಹೊತ್ತಿಗೆ ಗೂಡಿನಿಂದ ಹೊರಗೆ ಬಂದು ಓಡಾಡುತ್ತದೆ, ತಾಯಿಯ ಮೇವಿಗೆ ಬಾಯಿ ಹಾಕುತ್ತದೆ. ಬಾಯಿ ಹಾಕುವುದೇ ಬೇರೆ, ಅದರಿಂದ ಹೊಟ್ಟೆ ತುಂಬಿಸಿಕೊಂಡು ಬದುಕುವುದೇ ಬೇರೆ. ಆರು ತಿಂಗಳ ಕೂಸು ಅಜ್ಜಿಯ ತಟ್ಟೆಗೆ ಕೈ ಹಾಕಿ ರೊಟ್ಟಿ ಚೂರು ಚೀಪುತ್ತದೆ. ಹಾಗಂತ ಅದಕ್ಕೆ ಬರೀ ರೊಟ್ಟಿ-ಪಲ್ಯ ಹಾಕಿ ಅಂತ ಯಾರಾದರೂ ಹೇಳುತ್ತಾರಾ?

ತಾಯಿ ಮೊಲ ಹಾಲು ಕೊಡುವ ರೀತಿಯೂ ಬೇರೆ. ದಿನಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ. ಅದೂ 3ರಿಂದ 5 ನಿಮಿಷ, ಅಷ್ಟೇ. ಅಷ್ಟರಲ್ಲಿ ಮರಿ ತನ್ನ ತೂಕದ ಐದನೇ ಒಂದು ಭಾಗದಷ್ಟು ಹಾಲು ಕುಡಿದುಬಿಡುತ್ತದೆ. ಬಹಳಷ್ಟು ತಾಯಂದಿರು ರಾತ್ರಿಯೋ ಬೆಳಗಿನ ಜಾವವೋ ಕೊಡುವುದರಿಂದ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. "ತಾಯಿ ಹತ್ತಿರಾನೇ ಬಿಟ್ಟುಕೊಳ್ಳಲ್ಲ, ಹಾಲು ನಿಂತಿದೆ" ಅಂತ ಸಾಕುವವರು ಎಷ್ಟೋ ಸಲ ತಪ್ಪು ತಿಳಿಯುವುದು ಇದರಿಂದಲೇ. ಹಾಲು ನಿಂತಿರುವುದಿಲ್ಲ. ಮೂರನೇ ವಾರದ ಸುಮಾರಿಗೆ ಅದು ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ತಾಯಿ-ಮರಿಯನ್ನು ಅವುಗಳ ಪಾಡಿಗೆ ಬಿಟ್ಟರೆ ಐದಾರು ವಾರ, ಕೆಲವು ಕಡೆ ಅದಕ್ಕೂ ಜಾಸ್ತಿ ದಿನ ಕುಡಿಯುತ್ತವೆ.

ಹಾಲಾದರೂ ಎಂಥದ್ದು! ಆಕಳ ಹಾಲಿಗೆ ಹೋಲಿಸಿದರೆ ಕೊಬ್ಬು, ಪ್ರೋಟೀನು ಎರಡೂ ಸುಮಾರು ಮೂರು ಪಟ್ಟು. ನಮ್ಮ ಎಮ್ಮೆ ಹಾಲಿಗಿಂತಲೂ ಗಟ್ಟಿ. ಸಿಹಿಯ ಅಂಶ ಮಾತ್ರ ಕಡಿಮೆ. ಮರಿಗೆ ಆಕಳ ಹಾಲು ಹಾಕಿದರೆ ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಮೊಲದ ಹೊಟ್ಟೆ ಮತ್ತು ಮೊಸರಿನ ಹೆಪ್ಪು

ಹುಲ್ಲನ್ನು ಜೀರ್ಣ ಮಾಡುವುದು ಸುಲಭದ ಕೆಲಸವಲ್ಲ. ಯಾವ ಪ್ರಾಣಿಯೂ ಅದನ್ನು ಒಂಟಿಯಾಗಿ ಮಾಡಲಾರದು. ಹೊಟ್ಟೆಯೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇದ್ದು ಹುಲ್ಲಿನ ನಾರನ್ನು ಒಡೆದು ಕೊಡಬೇಕು. ಆಕಳು, ಎಮ್ಮೆ, ಕುರಿಗಳಿಗೆ ಆ ಜೀವಿಗಳು ಮುಂದಿನ ದೊಡ್ಡ ಹೊಟ್ಟೆಯಲ್ಲಿ ಇರುತ್ತವೆ. ಅದಕ್ಕೇ ಅವು ತಿಂದದ್ದನ್ನು ಬಾಯಿಗೆ ತಂದು ಮೆಲುಕು ಹಾಕುತ್ತವೆ.

ಮೊಲಕ್ಕೆ ಆ ಕಾರ್ಖಾನೆ ಹಿಂದೆ ಇದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಕಡೆ ಒಂದು ದೊಡ್ಡ ಚೀಲ ಇರುತ್ತದೆ. ಅದಕ್ಕೆ ಸೀಕಂ ಅನ್ನುತ್ತಾರೆ. ಹುಲ್ಲು ಕೊಳೆತು ಸಾರ ಬಿಡುವುದು ಅಲ್ಲಿ. ಆ ಸಾರ ಮೆತ್ತಗಿನ ಸಣ್ಣ ಉಂಡೆಗಳಾಗಿ ಹಿಂದಿನಿಂದ ಹೊರಗೆ ಬರುತ್ತದೆ. ಮೊಲ ಅದನ್ನು ಅಲ್ಲೇ ಬಾಯಿ ಹಾಕಿ ತಿನ್ನುತ್ತದೆ. ನೋಡಿದವರು ಅಸಹ್ಯ ಪಡಬೇಕಾಗಿಲ್ಲ. ಆಕಳು ಮೆಲುಕು ಹಾಕುವಂತೆಯೇ ಇದೂ. ದಾರಿ ಬೇರೆ, ಅಷ್ಟೇ. ಗಟ್ಟಿಯಾದ ದುಂಡನೆಯ ಒಣ ಹಿಕ್ಕೆ ಬೇರೆ, ಅದೇ ನಿಜವಾದ ಕಸ.

ಈಗ ಮರಿಗೆ ಬರೋಣ. ಹುಟ್ಟಿದ ಮರಿಯ ಸೀಕಂನಲ್ಲಿ ಕೆಲಸಗಾರರೇ ಇಲ್ಲ. ಕಾರ್ಖಾನೆ ಖಾಲಿ. ಆ ಸೂಕ್ಷ್ಮಜೀವಿಗಳು ಎಲ್ಲಿಂದ ಬರಬೇಕು? ತಾಯಿಯಿಂದ. ಹಾಲು ಕೊಡಲು ಬಂದಾಗ ತಾಯಿ ಗೂಡಿನಲ್ಲಿ ಒಂದೆರಡು ಹಿಕ್ಕೆ ಬಿಟ್ಟು ಹೋಗುತ್ತದೆ. ಮರಿಗಳು ಅದನ್ನು ಕಡಿಯುತ್ತವೆ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ. ಒಂದು ಚಮಚ ಹೆಪ್ಪು ಪಾತ್ರೆ ತುಂಬ ಹಾಲನ್ನು ಮೊಸರು ಮಾಡುತ್ತದೆ. ಆದರೆ ಹೆಪ್ಪು ಹಾಕಿದ ತಕ್ಷಣ ಮೊಸರಾಗುತ್ತದಾ? ರಾತ್ರಿಯಿಡೀ ಅಲುಗಾಡಿಸದೆ ಬಿಡಬೇಕು. ಮರಿಯ ಹೊಟ್ಟೆಗೆ ಆ ರಾತ್ರಿ ಕೆಲವು ವಾರಗಳಷ್ಟು ಉದ್ದ. ಅರ್ಧ ಹೆಪ್ಪಾದ ಹಾಲನ್ನು ಅಲುಗಾಡಿಸಿದರೆ ಏನಾಗುತ್ತದೆ ಅಂತ ಅಡಿಗೆ ಮನೆಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ.

ಇಬ್ಬರು ಕಾವಲುಗಾರರು

ಇಷ್ಟೇ ಆಗಿದ್ದರೆ ಮರಿ ಸೊರಗುತ್ತಿತ್ತು, ಇಷ್ಟು ಬೇಗ ಸಾಯುತ್ತಿರಲಿಲ್ಲ. ಅದರ ಜೀವ ತೆಗೆಯುವ ಸಂಗತಿ ಇನ್ನೊಂದಿದೆ.

ದೊಡ್ಡ ಮೊಲದ ಜಠರದಲ್ಲಿ ಆಮ್ಲ ತುಂಬಾ ಜೋರು. ಹುಳಿಯನ್ನು ಅಳೆಯುವ ಪಿಎಚ್ ಅನ್ನುವ ಅಳತೆಯಲ್ಲಿ ಅದು 1ರಿಂದ 2. ಈ ಅಳತೆಯಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನಿಂಬೆ ರಸ ಸುಮಾರು 2, ಮೊಸರು ನಾಲ್ಕೂವರೆ ಹತ್ತಿರ. ಅಂದರೆ ದೊಡ್ಡ ಮೊಲದ ಹೊಟ್ಟೆ ನಿಂಬೆ ರಸದಷ್ಟು ಅಥವಾ ಅದಕ್ಕಿಂತ ಹುಳಿ. ಮೇವಿನ ಜೊತೆ ಹೋದ ಕೆಟ್ಟ ರೋಗಾಣುಗಳು ಅಲ್ಲೇ ಸಾಯುತ್ತವೆ. ಇವನು ಒಬ್ಬ ಕಾವಲುಗಾರ.

ಹಾಲು ಕುಡಿಯುವ ಮರಿಯ ಹೊಟ್ಟೆಯ ಪಿಎಚ್ 5ಕ್ಕಿಂತ ಮೇಲಿರುತ್ತದೆ. ಮೊಸರಿನಷ್ಟೂ ಹುಳಿ ಇಲ್ಲ. ಹಾಗಾದರೆ ರೋಗಾಣು ಹೊಕ್ಕರೆ? ಅದಕ್ಕೆ ತಾಯಿಯ ಹಾಲೇ ಉಪಾಯ ಇಟ್ಟುಕೊಂಡಿದೆ. ಆ ಹಾಲಿನ ಕೊಬ್ಬು ಮರಿಯ ಹೊಟ್ಟೆಯಲ್ಲಿ ಒಡೆದಾಗ ರೋಗಾಣುಗಳನ್ನು ತಡೆಯುವ ಅಂಶ ಹೊರಗೆ ಬರುತ್ತದೆ. ಆಕಳ ಹಾಲಾಗಲಿ, ಪುಡಿ ಹಾಲಾಗಲಿ ಆ ಕಾವಲು ಕೊಡುವುದಿಲ್ಲ. ಇವನು ಇನ್ನೊಬ್ಬ ಕಾವಲುಗಾರ.

ಹಾಲು ಕಡಿಮೆಯಾಗುತ್ತಾ ಬಂದಂತೆ ಮರಿಯ ಹೊಟ್ಟೆಯಲ್ಲಿ ಆಮ್ಲ ಏರುತ್ತಾ ಹೋಗುತ್ತದೆ. ಹಳೆಯ ಕಾವಲುಗಾರ ಹೋಗುತ್ತಾನೆ, ಹೊಸಬ ಬರುತ್ತಾನೆ. ತಾಯಿಯ ಜೊತೆ ಇದ್ದರೆ ಈ ಬದಲಾವಣೆ ದಿನ ದಿನ ಸ್ವಲ್ಪ ಸ್ವಲ್ಪ ನಡೆಯುತ್ತದೆ. ಇಬ್ಬರೂ ಕೆಲವು ದಿನ ಒಟ್ಟಿಗೆ ಬಾಗಿಲಲ್ಲಿ ನಿಂತಿರುತ್ತಾರೆ.

ನಾಲ್ಕು ವಾರದ ಮರಿಯನ್ನು ಒಂದೇ ದಿನಕ್ಕೆ ತಾಯಿಯಿಂದ ಕಿತ್ತರೆ ಹಾಲಿನ ಕಾವಲು ಅವತ್ತೇ ನಿಂತುಹೋಗುತ್ತದೆ. ಆಮ್ಲದ ಕಾವಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ. ಅದೇ ಹೊತ್ತಿಗೆ ಹೊಸ ಮನೆ, ಹೊಸ ನೀರು, ಹೊಸ ಮೇವು. ಇ-ಕೋಲಿ, ಕ್ಲಾಸ್ಟ್ರಿಡಿಯಂ ಅನ್ನುವ ರೋಗಾಣುಗಳು ಹೊಕ್ಕು ಬೆಳೆಯುತ್ತವೆ, ವಿಷ ಬಿಡುತ್ತವೆ, ಭೇದಿ ಶುರುವಾಗುತ್ತದೆ. ಅಷ್ಟು ಸಣ್ಣ ಮೈಯಿಂದ ನೀರು ಹೋಗಲು ಎಷ್ಟು ಹೊತ್ತು ಬೇಕು? ಒಂದು ದಿನ ಸಾಕು.

ಅಕ್ಕನ ಮನೆಯಲ್ಲಿ ಮೊದಲ ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಕುಸಿದದ್ದು ಈ ರೀತಿಗೆ ಸರಿಯಾಗಿ ಹೊಂದುತ್ತದೆ. ಗಜ್ಜರಿಯಲ್ಲಿ ಸಿಹಿ ಜಾಸ್ತಿ, ಮರಿಗೆ ಹಾಕದಿದ್ದರೆ ಒಳ್ಳೆಯದಿತ್ತು, ನಿಜ. ಆದರೆ ಆ ಎರಡು ಚೂರಿಗೆ ಮುಂಚೆಯೇ, ಸಂತೆಯ ಬುಟ್ಟಿಗೆ ಬಂದ ದಿನವೇ ಮರಿಗಳ ಜೀವ ಅಪಾಯದಲ್ಲಿತ್ತು. ಇದನ್ನು ಹುಡುಗಿಗೆ ಕೂರಿಸಿಕೊಂಡು ಹೇಳಿದೆ.

ಫಾರ್ಮಿನಲ್ಲಿ ಒಂದು ತಿಂಗಳಿಗೇ ಬೇರೆ ಮಾಡುತ್ತಾರಲ್ಲ?

ಹೌದು. ಮಾಂಸಕ್ಕಾಗಿ ಮೊಲ ಸಾಕುವವರು ಸಾಮಾನ್ಯವಾಗಿ 28ರಿಂದ 35 ದಿನಕ್ಕೆ ತಾಯಿಯಿಂದ ಬೇರೆ ಮಾಡುತ್ತಾರೆ. ಮಾರುವವರು ಈ ಮಾತನ್ನು ಮುಂದಿಡುತ್ತಾರೆ. ಆದರೆ ಅಲ್ಲಿ ತಾಯಿಯನ್ನು ಮಾತ್ರ ತೆಗೆಯುತ್ತಾರೆ. ಒಡಹುಟ್ಟಿದ ಮರಿಗಳು ಜೊತೆಗೇ ಇರುತ್ತವೆ, ಮೇವು ಅದೇ, ನೀರು ಅದೇ, ಎಷ್ಟೋ ಕಡೆ ಪಂಜರವೂ ಅದೇ. ಇಷ್ಟೆಲ್ಲ ಇದ್ದೂ ಹಾಲು ಬಿಡಿಸಿದ ನಂತರದ ವಾರಗಳಲ್ಲಿ ಬರುವ ಭೇದಿಯೇ ಮೊಲ ಸಾಕಣೆಯ ದೊಡ್ಡ ತಲೆನೋವು.

ಹಾಲು ಬಿಡಿಸುವುದು ಮತ್ತು ಮನೆ ಬದಲಿಸುವುದು ಎರಡು ಬೇರೆ ಬೇರೆ ಪೆಟ್ಟು. ಎರಡೂ ಒಂದೇ ದಿನ ಬೀಳಬಾರದು. ಆರು ವಾರದ ಹೊತ್ತಿಗೆ ಹಾಲು ಬಿಟ್ಟ ಮರಿಯೂ ಇನ್ನೊಂದೆರಡು ವಾರ ಹುಟ್ಟಿದ ಜಾಗದಲ್ಲೇ ಇರಲಿ. ಬರೀ ಮೇವಿನ ಮೇಲೆ ಬದುಕಿ ತೋರಿಸಲಿ. ಆಮೇಲೆ ಹೊರಡಲಿ. 8 ವಾರದ ಲೆಕ್ಕ ಬರುವುದು ಹೀಗೆ. ಈಸ್ಟರ್ ಹಬ್ಬಕ್ಕೆ ಮೊಲದ ಮರಿ ಕೊಳ್ಳುವ ರೂಢಿ ಇರುವ ಅಮೆರಿಕದಲ್ಲಿ ಕೆಲವು ರಾಜ್ಯಗಳು ಎರಡು ತಿಂಗಳೊಳಗಿನ ಮರಿಯ ಮಾರಾಟಕ್ಕೆ ಕಾನೂನಿನಲ್ಲೇ ಕಡಿವಾಣ ಹಾಕಿವೆ.

ಕೊಳ್ಳುವಾಗ ವಯಸ್ಸು ತಿಳಿಯುವುದು ಹೇಗೆ

ತೂಕ ನಂಬಬೇಡಿ. ದೊಡ್ಡ ಜಾತಿಯ ನಾಲ್ಕು ವಾರದ ಮರಿಯೂ ಕುಳ್ಳ ಜಾತಿಯ ಎಂಟು ವಾರದ ಮರಿಯೂ ಒಂದೇ ಗಾತ್ರ ಕಾಣಬಹುದು. "ಇವು ಚಿಕ್ಕ ಜಾತಿ, ಇಷ್ಟೇ ಇರ್ತಾವು" ಅನ್ನುವುದಕ್ಕೆ ಇದೇ ಅವಕಾಶ.

ಆಕಾರ ನೋಡಿ. ಮೂರು-ನಾಲ್ಕು ವಾರದ ಮರಿ ಹತ್ತಿಯ ಉಂಡೆಯಂತೆ ದುಂಡಗೆ, ಮೂತಿ ಮೊಂಡು, ಕಿವಿ ಗಿಡ್ಡ. ನೋಡಲು ಮುದ್ದು, ಮಕ್ಕಳು ಕೈ ಚಾಚುವುದು ಅದಕ್ಕೇ. ಎಂಟು ವಾರಕ್ಕೆ ಮೈ ಉದ್ದವಾಗಿರುತ್ತದೆ, ಮುಖ ಚಾಚಿರುತ್ತದೆ, ಕಿವಿ ಬೆಳೆದಿರುತ್ತದೆ. ದೊಡ್ಡ ಮೊಲದ್ದೇ ಸಣ್ಣ ರೂಪ ಅನ್ನಬಹುದು.

ಬಾಲದ ಕೆಳಗೆ ನೋಡಿ. ಒದ್ದೆ, ಅಂಟು, ಹೊಲಸು ಇದ್ದರೆ ಆ ಮರಿಯನ್ನೂ ಅದರ ಜೊತೆ ಒಂದೇ ಬುಟ್ಟಿಯಲ್ಲಿರುವ ಮರಿಗಳನ್ನೂ ಬಿಡಿ. ಬುಟ್ಟಿಯ ತಳದಲ್ಲಿ ಒಣ, ದುಂಡನೆಯ ಹಿಕ್ಕೆ ಕಾಣಬೇಕು. ಸಾಧ್ಯವಾದರೆ ಸಾಕಿದವರ ಮನೆಗೇ ಹೋಗಿ ತಾಯಿಯನ್ನು ನೋಡಿ. ಕೇಳಬೇಕಾದ್ದು "ತಿನ್ನುತ್ತಾವಾ?" ಅಂತ ಅಲ್ಲ. ಹುಟ್ಟಿದ ತಾರೀಖು ಯಾವುದು, ಹಾಲು ಬಿಟ್ಟು ಎಷ್ಟು ದಿನ ಆಯ್ತು, ಈಗ ಏನು ತಿನ್ನುತ್ತಿವೆ. ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವವರ ಹತ್ತಿರವೇ ಕೊಳ್ಳಿ.

ಇನ್ನು ಕಾನೂನು. ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆ ನಿಯಮ ತಂದಿದೆ. ನಾಯಿ, ಬೆಕ್ಕಿನ ಜೊತೆ ಮೊಲವೂ ಅದರಲ್ಲಿ ಬರುತ್ತದೆ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಅಂಗಡಿ ಅಂದರೆ ಷಟರ್ ಇರುವ ಅಂಗಡಿ ಮಾತ್ರ ಅಲ್ಲ, ವಾರದ ಸಂತೆಯ ಜಾಗವೂ, ಆನ್‌ಲೈನ್ ಮಾರಾಟವೂ ಆ ಅರ್ಥದೊಳಗೆ ಸೇರಿವೆ.

ಹೊಲದ ಮೊಲ ಬೇರೆ

ಜೋಳದ ರಾಶಿ, ಕಬ್ಬಿನ ಕಟಾವಿನ ಹೊತ್ತಿಗೆ ಹೊಲದಲ್ಲಿ ಸಿಗುವ ಕಂದು ಬಣ್ಣದ ಮರಿ ಸಾಕುಮೊಲದ್ದಲ್ಲ. ಸಾಕುಮೊಲದ ಮೂಲ ಯುರೋಪು. ಹೊಲದ್ದು ನಮ್ಮದೇ ನೆಲದ ಕಾಡುಮೊಲ. ಅದರ ಮರಿ ಹುಟ್ಟುವಾಗಲೇ ಮೈ ತುಂಬ ಕೂದಲು, ಕಣ್ಣು ತೆರೆದಿರುತ್ತದೆ. ಹಾಗಾಗಿ ಒಂದೆರಡು ದಿನದ ಮರಿಯೂ ನಮಗೆ ಮೂರು ವಾರದ್ದರಂತೆ ಕಾಣುತ್ತದೆ. ಒಂಟಿಯಾಗಿ ಕೂತಿದೆ ಅಂದರೆ ತಬ್ಬಲಿ ಅಂತ ಅಲ್ಲ, ತಾಯಿ ಹೊತ್ತು ನೋಡಿ ಬಂದು ಹಾಲು ಕೊಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ರಕ್ಷಣೆ ಕೊಟ್ಟಿದೆ. ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಇದ್ದಲ್ಲೇ ಬಿಡಿ.

ನಮ್ಮ ಬಿಸಿಲು, ನಮ್ಮ ಮೇವು

ಮೊಲ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಹೆಚ್ಚಿನ ಬಿಸಿಯನ್ನು ಆ ಉದ್ದ ಕಿವಿಗಳಿಂದ ಹೊರಗೆ ಬಿಡುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, 35 ದಾಟಿದರೆ ಜೀವಕ್ಕೇ ಅಪಾಯ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳು 40 ದಾಟುತ್ತದೆ. ಅಂದರೆ ಮಕ್ಕಳಿಗೆ ಮೊಲ ಕೊಡಿಸಲು ನಾವು ಆರಿಸುವ ರಜೆಯೇ ಮೊಲಕ್ಕೆ ಎಲ್ಲಕ್ಕಿಂತ ಕೆಟ್ಟ ಕಾಲ. ಮಳೆಗಾಲ ಕಳೆದು ದಸರಾ ಹೊತ್ತಿಗೆ ತಂದರೆ ಎಷ್ಟೋ ಒಳ್ಳೆಯದು. ತಂದೇ ಬಿಟ್ಟಿದ್ದರೆ ತಗಡಿನ ಶೀಟಿನ ಕೆಳಗೆ ಇಡಬೇಡಿ. ಗಾಳಿ ಆಡುವ ನೆರಳಿನಲ್ಲಿ ಇಟ್ಟು, ಪಂಜರದ ಪಕ್ಕ ಒದ್ದೆ ಗೋಣಿಚೀಲ ಕಟ್ಟಿ.

ಬೆಳಗಾವಿಯವರಿಗೆ ಬಿಸಿಲಿಗಿಂತ ಮಳೆಗಾಲದ ತಂಡಿ ಜಾಸ್ತಿ ತೊಂದರೆ. ಕಾಕ್ಸಿಡಿಯೋಸಿಸ್ ಅಂತ ಒಂದು ಕರುಳಿನ ರೋಗ ಇದೆ, ಕೋಳಿ ಸಾಕುವವರಿಗೆ ಆ ಹೆಸರು ಗೊತ್ತಿರುತ್ತದೆ. ಮೊಲಕ್ಕೆ ಬರುವ ಜೀವಿ ಬೇರೆ, ಆದರೆ ದಾರಿ ಅದೇ: ಒದ್ದೆ, ಹೊಲಸು ನೆಲ. ಎಳೆ ಮರಿಗಳಿಗೇ ಅದು ಜಾಸ್ತಿ ಹಿಡಿಯುತ್ತದೆ. ನೆಲ ದಿನವೂ ಒಣಗಿರಬೇಕು.

ಮೇವಿನ ವಿಷಯಕ್ಕೆ ಬಂದರೆ ಒಣ ಹುಲ್ಲೇ ಮುಖ್ಯ ಊಟ. ಗರಿಕೆ, ನಮ್ಮ ಕಡೆ ಕರಿಕಿ ಅಂತೀವಲ್ಲ, ಅದನ್ನು ತೊಳೆದು ಒಣಗಿಸಿ ಕೊಡಬಹುದು. ಬೆಳೆಯುವ ಮರಿಗೆ ಸ್ವಲ್ಪ ಕುದುರೆ ಮಸಾಲೆ ಸೊಪ್ಪೂ ಒಳ್ಳೆಯದು. ಎಳೆ ಜೋಳದ ಪೈರು ಮಾತ್ರ ಬೇಡವೇ ಬೇಡ. ಅದನ್ನು ಮೇಯ್ದು ದನ ಸತ್ತದ್ದು ನಮ್ಮ ರೈತರಿಗೆ ಗೊತ್ತು. ಅದರಲ್ಲಿರುವ ವಿಷ ಮೊಲಕ್ಕೂ ವಿಷವೇ. ಮೊದಲ ವಾರ ಮಾರಿದವರು ಏನು ಹಾಕುತ್ತಿದ್ದರೋ ಅದನ್ನೇ ಹಾಕಿ. ಕೊಳ್ಳುವಾಗಲೇ ಆ ಮೇವು ಒಂದು ಚೀಲ ಕೇಳಿ ತನ್ನಿ. ಹೊಸದನ್ನು ಹತ್ತು ದಿನದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ.

ಸಣ್ಣ ಮರಿ ಈಗಾಗಲೇ ಮನೆಗೆ ಬಂದಿದ್ದರೆ

ತಂದು ಒಂದೆರಡು ದಿನವಷ್ಟೇ ಆಗಿದ್ದು, ಸಾಕಿದವರು ಗೊತ್ತಿದ್ದರೆ ತಾಯಿಯ ಹತ್ತಿರ ವಾಪಸ್ ಬಿಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಬರೀ ನಂಬಿಕೆ. ಸಾಕುಮೊಲಗಳು ಸಾಮಾನ್ಯವಾಗಿ ತಮ್ಮ ಮರಿಯನ್ನು ಸೇರಿಸಿಕೊಳ್ಳುತ್ತವೆ.

ಆಗದಿದ್ದರೆ ಒಣ ಹುಲ್ಲು ಸದಾ ಮುಂದಿರಲಿ, ತಟ್ಟೆಯಂಥ ಪಾತ್ರೆಯಲ್ಲಿ ನೀರಿರಲಿ. ಕೋಸು, ಗಜ್ಜರಿ, ಬಿಸ್ಕಿಟ್, ಆಕಳ ಹಾಲು ಬೇಡ. ಮಕ್ಕಳು ಎತ್ತಿ ಆಡಿಸುವುದೂ ಮೊದಲ ವಾರ ಬೇಡ. ಹೆದರಿದ ಮೊಲದ ಕರುಳು ನಿಧಾನವಾಗುತ್ತದೆ. ಭೇದಿಯಾದರೆ, ಅಥವಾ ಅರ್ಧ ದಿನ ಏನೂ ತಿನ್ನದೆ ಮೂಲೆ ಹಿಡಿದು ಕೂತರೆ ನಾಳೆ ನೋಡೋಣ ಅನ್ನದೆ ಪಶುವೈದ್ಯರ ಹತ್ತಿರ ಒಯ್ಯಿರಿ. ಮನೆಯಲ್ಲಿ ಉಳಿದ ಮಾತ್ರೆ, ಸಿರಪ್ ಕೊಡಬೇಡಿ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಬಾಯಿಂದ ಕೊಟ್ಟರೆ ಮೊಲದ ಸೀಕಂನ ಒಳ್ಳೆಯ ಜೀವಿಗಳನ್ನೇ ಕೊಂದು ಅದರ ಸಾವಿಗೆ ದಾರಿ ಮಾಡಬಹುದು. ವೈದ್ಯರಿಗೂ ಇದು ಮೊಲ, ಇಷ್ಟು ದಿನದ್ದು, ಹಾಲು ಬಿಟ್ಟು ಇಷ್ಟು ದಿನ ಅಂತ ಮೊದಲೇ ಹೇಳಿ.

ಜೋಡಿ ತಂದವರು ಇನ್ನೊಂದು ತಾರೀಖು ಬರೆದಿಟ್ಟುಕೊಳ್ಳಿ. ಮೂರೂವರೆ-ನಾಲ್ಕು ತಿಂಗಳಿಗೇ ಕೆಲವು ಮೊಲ ಬೆದೆಗೆ ಬರುತ್ತವೆ, ಒಡಹುಟ್ಟಿದವಾದರೂ ಕೂಡುತ್ತವೆ. ಹನ್ನೆರಡು ವಾರದೊಳಗೆ ಗಂಡು ಹೆಣ್ಣು ಯಾವುದು ಅಂತ ವೈದ್ಯರಿಂದ ತೋರಿಸಿಕೊಂಡು ಬೇರೆ ಬೇರೆ ಇಡಬೇಕು. ಎಂಟು ವಾರಕ್ಕೆ ಮುಂಚೆ ಇದನ್ನು ಗುರುತಿಸುವುದು ಅನುಭವ ಇದ್ದವರಿಗೂ ಕಷ್ಟ. ಹಾಗಾಗಿ ಮುಷ್ಟಿ ಗಾತ್ರದ ಮರಿ ತೋರಿಸಿ "ಎರಡೂ ಹೆಣ್ಣು" ಅಂತ ಯಾರಾದರೂ ಹೇಳಿದರೆ ಆ ಮಾತಿನ ಮೇಲೆ ಪಂಜರ ಕಟ್ಟಬೇಡಿ.